ಎಲುಬಿನ ಮೇಡಂ

ಮೊದಲ ದಿನ ಎಸ್ತರ್ ಮೇಡಂ ಲ್ಯಾಬಿಗೆ ಬಂದವರೇ ಚೀಲದಿಂದ ಸ್ಟೀಲಿನ ಊಟದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಊಟ ಮಾಡಿ ಬಂದಿಲ್ಲವೇನೋ ಅಂದುಕೊಂಡೆವು. ಮೇಲಿನ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ ಇತ್ತು. ಅದನ್ನು ಪಕ್ಕಕ್ಕೆ ಸರಿಸಿದರು. ಕೆಳಗಿನ ಡಬ್ಬಿಯಲ್ಲಿ ಕುರಿಯ ಕಾಲಿನ ಎಲುಬಿತ್ತು. ಮಾಂಸವೆಲ್ಲ ಕೆರೆದು, ಕುದಿಸಿ, ತೊಳೆದು, ಒರೆಸಿ ತಂದದ್ದು. ಅದನ್ನು ಮುಂದಿನ ಸಾಲಿನಲ್ಲಿ ನಿಂತಿದ್ದ ನನ್ನ ಕಡೆ ಚಾಚಿ, ಪ್ರಸಾದ ಕೊಡುವವರ ಹಾಗೆ, "ತಗೋ" ಅಂದರು.

ನಾನು ಗರಗದ ಲಿಂಗಾಯತರ ಮನೆಯ ಹುಡುಗಿ. ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ದನಿ ತಗ್ಗಿಸಿ ಆಡುತ್ತಿದ್ದರು. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ.

"ನಾ ಮುಟ್ಟಂಗಿಲ್ರೀ ಮೇಡಂ. ನಮ್ಮಲ್ಲಿ ನಡಿಯಂಗಿಲ್ಲ."

"ಭಾಳ ಛಲೋ," ಅಂದರು ಮೇಡಂ. "ನಿನ್ನ ಮೈಯಾಗ ಇನ್ನೂರಾ ಆರು ಅದಾವ. ಅವನ್ನ ಬಾಗಲ ಹೊರಗ ಇಟ್ಟ ಬಂದಿಯೇನು?"

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಅವರು ತಮಾಷೆ ಮಾಡಿದರೋ ಬೈದರೋ ಎಂಬುದು ಅವರ ಮುಖ ನೋಡಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ಬಸ್ಸಿನ ವೇಳೆ ಹೇಳುವ ದನಿ ಇರುತ್ತದಲ್ಲ, ಅವರದು ಅಂಥದೇ ದನಿ. ಮೇಜಿನ ಡ್ರಾದಿಂದ ಕೈಗವಸಿನ ಡಬ್ಬ ತೆಗೆದು ನನ್ನ ಮುಂದೆ ನೂಕಿದರು.

"ಇವು ರಬ್ಬರ್ ಗಿಡದ ಹಾಲಿನವು. ಶುದ್ಧ ಶಾಕಾಹಾರಿ. ಹಾಕ್ಕೋ."

ಹಾಕಿಕೊಂಡೆ. ಎಲುಬನ್ನು ಕೈಯಲ್ಲಿ ಹಿಡಿದಾಗ ಹೆದರಿಕೆಗಿಂತ ಮೊದಲು ಆಶ್ಚರ್ಯವಾಯಿತು: ನಾನು ತಿಳಿದಿದ್ದಕ್ಕಿಂತ ಅದು ಬಹಳ ಹಗುರವಾಗಿತ್ತು.

ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಸ್ತರ್ ಮೇಡಂ ನಮಗೆ ಕಲಿಸುತ್ತಿದ್ದ ವಿಷಯ ಬಯೋಮಟೀರಿಯಲ್ಸ್. ಮನುಷ್ಯನ ಮೈಯೊಳಗೆ ಏನನ್ನು ಇಡಬಹುದು, ಏನನ್ನು ಇಡಬಾರದು ಎನ್ನುವ ಶಾಸ್ತ್ರ. ಹಲ್ಲಿನ ಸಿಮೆಂಟು, ಹೊಲಿಗೆಯ ದಾರ, ಎಲುಬಿಗೆ ಬಡಿಯುವ ಪಟ್ಟಿ, ಸೊಂಟಕ್ಕೆ ಕೂರಿಸುವ ಲೋಹದ ಚೆಂಡು, ಎಲ್ಲ ಅದರಲ್ಲಿ ಬರುತ್ತದೆ. ಬೇರೆ ಕಡೆ ಇದನ್ನು ಗೋಡೆಯ ಮೇಲೆ ಚಿತ್ರ ತೋರಿಸಿ ಕಲಿಸುತ್ತಿದ್ದರು. ನಮ್ಮ ಮೇಡಂ ಚಿತ್ರಗಳನ್ನು ನಂಬುತ್ತಿರಲಿಲ್ಲ. "ಚಿತ್ರ ನೋಡಿ ಕಲತವ್ರು ಚಿತ್ರಕ್ಕ ಆಪರೇಶನ್ ಮಾಡ್ಲಿ," ಅನ್ನುತ್ತಿದ್ದರು.

ಅವರು ಹುಟ್ಟಿ ಬೆಳೆದದ್ದು ಧಾರವಾಡದ ಮಿಶನ್ ಕಂಪೌಂಡಿನಲ್ಲಿ. ತಂದೆ ಮಿಶನ್ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರಂತೆ. ಮೇಡಂ ಮದುವೆಯಾಗಿರಲಿಲ್ಲ. ಉಣಕಲ್ಲಿನಲ್ಲಿ ತಂಗಿ ರೂತ್ ಅವರ ಜೊತೆ ಇದ್ದರು. ಇಳಕಲ್ ಸೀರೆಯ ಮೇಲೆ ಬಿಳಿ ಕೋಟು, ಕಾಲಿಗೆ ಗಂಡಸರ ಬೂಟು. ಎಲ್ಲಿ ಹೋದರೂ ಎದುರಿಗಿದ್ದ ವಸ್ತುವನ್ನು ಒಮ್ಮೆ ಮುಟ್ಟಿ ನೋಡದೆ ಬಿಡುತ್ತಿರಲಿಲ್ಲ. ಪ್ರಿನ್ಸಿಪಾಲರ ಕೋಣೆಗೆ ಹೊಸ ಸೋಫಾ ಬಂದಾಗ ಎಲ್ಲರೂ ಅದರ ಮೇಲೆ ಕೂತರೆ ಇವರು ಬೆರಳಿನಿಂದ ಒತ್ತಿ, ಅದು ಮತ್ತೆ ಮೇಲೇಳುವುದನ್ನು ಕಾದು ನೋಡಿ, "ವರ್ಷದಾಗ ಕುಸಿತದ್ರಿ ಸರ್" ಅಂದು, ತಾವು ತಂದಿದ್ದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಂದರು. ಅದು ಕುಸಿಯಿತು. ಪ್ರಿನ್ಸಿಪಾಲರು ಅದಕ್ಕೆ ಮೇಡಂ ಅವರನ್ನೇ ಹೊಣೆ ಮಾಡಿದರು.

ಎಲುಬುಗಳನ್ನು ಅವರು ಗೋಪನಕೊಪ್ಪದ ಒಂದು ಮಟನ್ ಅಂಗಡಿಯಿಂದ ತರುತ್ತಿದ್ದರು. ವರ್ಷಗಟ್ಟಲೆ ಎಲುಬನ್ನಷ್ಟೇ ಕೊಂಡು ಮಾಂಸವನ್ನು ಕಣ್ಣೆತ್ತಿಯೂ ನೋಡದ ಈ ಗಿರಾಕಿಯ ಮನೆಯಲ್ಲಿ ಭಾರಿ ನಾಯಿ ಇದೆಯೆಂದು ಅಂಗಡಿಯ ಚಾಚಾ ತಿಳಿದಿದ್ದರು. ಒಮ್ಮೆ ನಾನೂ ಜೊತೆಗಿದ್ದೆ.

"ನಾಯಿ ಆರಾಮ ಐತೇನ್ರಿ ಮೇಡಂ?" ಎಂದು ಚಾಚಾ ಕೇಳಿದರು.

"ಒಂದಲ್ರೀ ಚಾಚಾ, ಭಾಳ ಅದಾವ," ಅಂದರು ಮೇಡಂ. "ಎಲ್ಲಾ ಆರಾಮ ಅದಾವ. ಪರೀಕ್ಷಾ ಹತ್ರ ಬಂದದ, ಒಂದೀಟ್ ಊಟ ಬಿಟ್ಟಾವ."

ಚಾಚಾ ಮರುಕದಿಂದ ಎರಡು ಎಲುಬು ಹೆಚ್ಚು ಹಾಕಿದರು. ಅಲ್ಲಿಂದಲೇ ಅವರಿಗೆ 'ಎಲುಬಿನ ಮೇಡಂ' ಎಂಬ ಹೆಸರು ಬಂದು ಕಾಲೇಜಿನವರೆಗೂ ಹರಡಿತು.

ಅವರ ಲ್ಯಾಬಿನಲ್ಲಿ ಮಾಡಿದ ಪ್ರಯೋಗಗಳು ಇವತ್ತಿಗೂ ನನ್ನ ಬೆರಳಿಗೆ ನೆನಪಿವೆ. ಕೋಳಿಯ ಕಾಲಿನ ಎಲುಬುಗಳನ್ನು ಎರಡು ಪಾಲು ಮಾಡಿ ಒಂದು ಪಾಲನ್ನು ಕುಲುಮೆಯಲ್ಲಿ ಸುಟ್ಟೆವು. ಇನ್ನೊಂದನ್ನು ವಿನೆಗರಿನಲ್ಲಿ ಮುಳುಗಿಸಿಟ್ಟು ದಿನಾ ನೀರು ಬದಲಿಸುವ ಹಾಗೆ ವಿನೆಗರ್ ಬದಲಿಸಿದೆವು. ಸುಟ್ಟದ್ದು ಬೆರಳಲ್ಲಿ ಹಪ್ಪಳದಂತೆ ಪುಡಿಯಾಯಿತು. ವಿನೆಗರಿನಲ್ಲಿ ನೆನೆದದ್ದು ಎಳೆ ಬಳ್ಳಿಯಂತೆ ಬಾಗಿತು. "ಗಂಟ ಹಾಕು," ಅಂದರು ಮೇಡಂ. ಹಾಕಿದೆ. ಕೋಳಿಯ ಎಲುಬಿಗೆ ಗಂಟು ಹಾಕಿದವರು ನಮ್ಮ ವಂಶದಲ್ಲಿ ನನಗಿಂತ ಮೊದಲು ಯಾರೂ ಇದ್ದಿರಲಿಕ್ಕಿಲ್ಲ.

"ಬರೇ ಸುಣ್ಣ ಇದ್ರ ಪುಡಿ ಆಗ್ತದ. ಬರೇ ನಾರು ಇದ್ರ ಗಂಟ ಬೀಳ್ತದ," ಅಂದರು. "ಎರಡೂ ಜಗಳ ಮಾಡದ ಕೂಡಿ ಇರೋದಕ್ಕ ನೀ ಈಗ ನಿಂತೀದಿ. ಬರಕೋ."

ಆ ವಾರ ಊರಿಗೆ ಹೋದಾಗ ಆಯಿ, ಅಂದರೆ ಅಪ್ಪನ ತಾಯಿ, "ಸಾಲ್ಯಾಗ ಏನ್ ಕಲತಿ?" ಎಂದು ಕೇಳಿದಳು.

"ಗಂಟ ಹಾಕೋದು."

"ಅದಕ್ಕ ಇಂಜಿನೇರಿ ಸಾಲಿ ಬೇಕಾಗಿತ್ತೇನು?" ಅಂದಳು ಆಯಿ.

ಆಯಿ ನಮ್ಮೂರಿನ ಖಾದಿ ಕೇಂದ್ರದಲ್ಲಿ ನೂಲು ತೆಗೆದು ತೆಗೆದು ಮುದುಕಿಯಾದವಳು. ನನ್ನ ಓದಿನ ಮೂರನೇ ವರ್ಷದ ಹೊತ್ತಿಗೆ, ಒಂದು ಬೆಳಿಗ್ಗೆ, ಬಚ್ಚಲದ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಧಾರವಾಡದ ಆಸ್ಪತ್ರೆಯಲ್ಲಿ ಫೋಟೋ ತೆಗೆದು ಡಾಕ್ಟರು ಅಪ್ಪನಿಗೆ ತಿಳಿಸಿ ಹೇಳಿದರು: ತೊಡೆಯ ಎಲುಬಿನ ತುದಿಯ ಚೆಂಡು ಮುರಿದಿದೆ, ಅದನ್ನು ತೆಗೆದು ಲೋಹದ್ದು ಕೂರಿಸಬೇಕು, ಬೇಗ ಮಾಡಿದರೆ ನಡೆಯುತ್ತಾರೆ, ಇಲ್ಲವಾದರೆ ಹಾಸಿಗೆಯಲ್ಲೇ ಉಳಿಯುತ್ತಾರೆ, ಹಾಸಿಗೆ ಹಿಡಿದವರು ಬಹಳ ದಿನ ಉಳಿಯುವುದಿಲ್ಲ. ಆಯಿ ಮಂಚದ ಮೇಲಿಂದಲೇ ಎಲ್ಲವನ್ನೂ ಕೇಳಿಸಿಕೊಂಡು, "ಮೈಯಾಗ ಕಬ್ಬಣ ಇಟಗೊಂಡು ಮಣ್ಣಿಗಿ ಹೋಗಂಗಿಲ್ಲ. ನನ್ನ ಮನಿಗಿ ಒಯ್ರಿ," ಅಂದಳು. ಯಾರು ಹೇಳಿದರೂ ಕೇಳಲಿಲ್ಲ. ಉಣ್ಣುವುದನ್ನು ಬಿಟ್ಟಳು. ಅಪ್ಪ ಸೋತು ಮನೆಗೆ ಕರೆತಂದ.

ಮರುದಿನ ನಾನು ರಜೆ ಕೇಳಲು ಮೇಡಂ ಹತ್ತಿರ ಹೋಗಿ ಕಾರಣ ಹೇಳುವಾಗ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಗಾಜಿನ ಕಪಾಟಿನ ಬೀಗ ತೆಗೆದು, ಕಲಿಸಲೆಂದು ಇಟ್ಟಿದ್ದ ಸೊಂಟದ ಟೈಟೇನಿಯಂ ಲೋಹದ ಕೀಲನ್ನು ತೆಗೆದುಕೊಂಡು, ಕರವಸ್ತ್ರದಲ್ಲಿ ಸುತ್ತಿ ಊಟದ ಡಬ್ಬಿಯೊಳಗೆ ಇಟ್ಟರು.

"ಗರಗದ ಬಸ್ಸು ಎಷ್ಟೊತ್ತಿಗೆ ಅದ?"

ಆ ಡಬ್ಬಿಯಲ್ಲಿ ಅದಕ್ಕೂ ಮೊದಲು ಏನೇನು ಬಂದು ಹೋಗಿತ್ತೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಆ ವಿಷಯ ಎತ್ತಲಿಲ್ಲ.

ಆಯಿ ಪಡಸಾಲೆಯಲ್ಲಿ ಮಲಗಿದ್ದಳು. ಮೇಡಂ ಹೊಸ್ತಿಲ ಹತ್ತಿರ ಚಾಪೆಯ ಮೇಲೆ ಕೂತರು. ಆಯಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಹಣೆಯ ಮೇಲೆ ಕುಂಕುಮವೂ ಇರಲಿಲ್ಲ, ವಿಭೂತಿಯೂ ಇರಲಿಲ್ಲ.

"ಅಕ್ಕಾರ, ತಾವು ಯಾರ ಪೈಕಿ?"

ನನಗೆ ನೆಲ ಬಾಯ್ತೆರೆಯಬಾರದೇ ಅನ್ನಿಸಿತು.

"ಕಿರಿಸ್ತಾನರ ಪೈಕಿ ರೀ ಅವ್ವಾರ," ಅಂದರು ಮೇಡಂ. "ನಮ್ಮ ಮುತ್ಯಾನ ಕಾಲಕ್ಕ ಆದವ್ರು."

"ಅದಕ್ಕೂ ಮದಲ?"

"ಅದಕ್ಕೂ ಮದಲ ನಿಮ್ಮಂಥವರ ಮನಿ ಹೊಸ್ತಿಲದ ಹೊರಗ ಕುಂದರ್ತಿದ್ವಿ," ಅಂದರು ಮೇಡಂ ಅದೇ ದನಿಯಲ್ಲಿ.

ಆಯಿ ಬಹಳ ಹೊತ್ತು ಅವರನ್ನೇ ನೋಡಿದಳು. ಆಮೇಲೆ ಒಳಗಿನ ಕಡೆ ಮುಖ ತಿರುಗಿಸಿ, "ಅಕ್ಕಾರಿಗೆ ಚಾ ಮಾಡ್ರಿ. ಸ್ಟೀಲಿನ ವಾಟಿಯಾಗ ಕೊಡ್ರಿ, ನಾ ಕುಡಿಯೋದ್ರಾಗ," ಅಂದಳು. ಮತ್ತೆ ಮೇಡಂ ಕಡೆ ತಿರುಗಿ, "ಒಳಗ ಬರ್ರಿ. ಅಲ್ಲಿ ಗಾಳಿ ಹೊಡಿತೈತಿ," ಎಂದಳು.

ಮೇಡಂ ಚಾಪೆ ಎಳೆದುಕೊಂಡು ಮಂಚದ ಪಕ್ಕಕ್ಕೆ ಬಂದರು. ಡಬ್ಬಿ ತೆಗೆದು ಆಯಿಯ ಕೈಯಲ್ಲಿ ಆ ಕೀಲನ್ನು ಇಟ್ಟರು. ನನ್ನ ಕಡೆ ಬೆರಳು ತೋರಿಸಿದರು.

"ನಾ ಏನೂ ಹೇಳಂಗಿಲ್ರಿ. ನಿಮ್ಮ ಮೊಮ್ಮಗಳು ಹೇಳ್ತಾಳ. ನೀವು ಪ್ರಶ್ನೆ ಕೇಳ್ರಿ. ಹೇಳಲಿಕ್ಕೆ ಬರಲಿಲ್ಲಂದ್ರ ಆಪರೇಶನ್ ಮಾಡಿಸ್ಕೋಬ್ಯಾಡ್ರಿ."

ಅಷ್ಟು ದೊಡ್ಡ ಪರೀಕ್ಷೆಯನ್ನು ನಾನು ಹಿಂದೆಯೂ ಬರೆದಿರಲಿಲ್ಲ, ಮುಂದೆಯೂ ಬರೆಯಲಿಲ್ಲ. ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ. ಆಯಿಗೆ ಬರುತ್ತಿದ್ದದ್ದು ಗರಗದ ಕನ್ನಡ. ನಾನು "ಬಯೋಕಂಪ್ಯಾಟಿಬಲ್" ಅಂದೆ.

"ಹಂಗಂದ್ರ?"

"ಹಂಗಂದ್ರ... ಹೊರಗಿಂದ ಬಂದದ್ದು ಆಯಿ, ಆದ್ರ ಮೈ ಅದನ್ನ ಹೊರಗಿಂದು ಅಂತ ದೂಡಬಾರದು. ಅದೂ ಮೈಗೆ ತ್ರಾಸ ಕೊಡಬಾರದು. ಇಬ್ಬರೂ ಹೊಂದ್ಕೊಂಡು ಇರಬೇಕು."

"ಅಂದ್ರ ಸೊಸಿ," ಅಂದಳು ಆಯಿ.

ಅಡುಗೆಮನೆಯಲ್ಲಿ ಅವ್ವನ ಕೈಯಿಂದ ಒಂದು ಪಾತ್ರೆ ಬಿತ್ತು. ಮೇಡಂ ತಲೆ ಬಗ್ಗಿಸಿ ಕೋಟಿನ ಕಿಸೆಯಿಂದ ಪೆನ್ನು ತೆಗೆದು ಅಂಗೈ ಮೇಲೆ ಏನನ್ನೋ ಬರೆದುಕೊಂಡರು.

ತುಕ್ಕು ಹಿಡಿಯುತ್ತದೆಯೇ, ಚಳಿಗಾಲದಲ್ಲಿ ತಣ್ಣಗಾಗುತ್ತದೆಯೇ, ಸಿಡಿಲು ಎಳೆಯುತ್ತದೆಯೇ ಎಂದೆಲ್ಲ ಆಯಿ ಕೇಳಿದಳು. ಹೇಗೋ ಉತ್ತರ ಕೊಟ್ಟೆ. ಅವಳು ಕೀಲಿನ ತುದಿಯ ಚೆಂಡನ್ನು ಬೆರಳಿನಿಂದ ತಿರುಗಿಸಿ ನೋಡಿದಳು. ಅದು ನುಣ್ಣಗೆ ತಿರುಗಿತು. ಮುಖದಲ್ಲಿ ಒಪ್ಪಿಗೆ ಕಂಡಿತು. ಆದರೆ ಮತ್ತೆ ಅದನ್ನು ಎದೆಯ ಮೇಲಿಟ್ಟುಕೊಂಡು, "ಎಲ್ಲಾ ಖರೆ. ಆದ್ರ ಮಣ್ಣಿಗಿ ಇದನ್ನ ತಗೊಂಡು ಹ್ಯಾಂಗ ಹೋಗ್ಲಿ? ಬರುಮುಂದ ತಂದದ್ದಲ್ಲ ಇದು," ಅಂದಳು. ಮೇಡಂ ಕಡೆ ನೋಡಿದೆ.

"ಅವ್ವಾರ, ನಾವೂ ಹೂಳವ್ರ," ಅಂದರು ಮೇಡಂ. "ನಮ್ಮ ಕಾಕಾ ಎರಡು ಬಂಗಾರದ ಹಲ್ಲು ಇಟಗೊಂಡ ಹೋದ. ಮಣ್ಣು ಏನೂ ಅನ್ನಲಿಲ್ಲ."

"ನಿಮ್ಮಾಗೂ ಹೂಳ್ತಾರ?"

"ಹೂಳ್ತೇವ್ರಿ. ನಾವು ಮಲಗಸ್ತೇವಿ. ನೀವು ಕುಂದ್ರಸ್ತೀರಿ."

"ಹೌದು. ಕೈಯಾಗ ಲಿಂಗ ಕೊಟ್ಟು ಕುಂದ್ರಸ್ತಾರ."

ಮೇಡಂ ಚಹಾ ಕುಡಿದು ಮುಗಿಸಿ ವಾಟಿಯನ್ನು ಕೆಳಗಿಟ್ಟರು. "ನನಗ ಒಂದ ಗೊತ್ತಾಗವಲ್ದು. ಸೊಂಟ ಮುರದವರನ್ನ ಕುಂದ್ರಸೋದು ಹ್ಯಾಂಗ? ಕುಂದ್ರಾಕರ ಸೊಂಟ ಬೇಕಲ್ರೀ?"

ಆಯಿ ತೊಲೆಯನ್ನು ನೋಡುತ್ತ ಮಲಗಿದ್ದಳು. ನಾವು ಬಸ್ಸಿಗೆ ಹೊರಡಲು ಎದ್ದಾಗ ಅಪ್ಪನನ್ನು ಕರೆದು, "ಗಾಡಿ ತರಸು. ಆದಷ್ಟ ಲಗೂ ಮಾಡಸು," ಅಂದಳು. ಆಮೇಲೆ ನನ್ನ ಕಡೆ ನೋಡಿ, "ಹತ್ತಕ್ಕ ಆರು. ದನಿ ಸಣ್ಣದಾತು," ಎಂದಳು.

ಆಪರೇಶನ್ ಆಯಿತು. ಆಯಿ ಮೊದಲು ಕೋಲು ಹಿಡಿದು, ಆಮೇಲೆ ಕೋಲನ್ನು ನಾಯಿಗೆ ಬೀಸುತ್ತ ಓಡಾಡಿದಳು. ಮೇಡಂ ಮುಂದಿನ ವರ್ಷದ ಹುಡುಗರಿಗೆ, "ಒಳ್ಳೆ ಇಂಪ್ಲಾಂಟ್ ಅಂದ್ರ ಸೊಸಿ. ದುಡೀಬೇಕು, ಎದುರ ಮಾತಾಡಬಾರದು, ಮನಿ ಬಿಟ್ಟು ಹೋಗಬಾರದು," ಎಂದು ಕಲಿಸತೊಡಗಿದರು. ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಇದು ಸರಿ ಅಲ್ರೀ," ಅಂದಳಂತೆ. "ಖರೇನ ಸರಿ ಅಲ್ಲ," ಅಂದರಂತೆ ಮೇಡಂ. "ಅದಕ್ಕ ಟೈಟೇನಿಯಮ್ಮಿಗೆ ಹೇಳೇನಿ. ನಿನಗ ಹೇಳಿಲ್ಲ."

ಕೆಲವು ವರ್ಷ ಕಳೆದು ಆಯಿ ತೀರಿಕೊಂಡಾಗ ಮೇಡಂ ಗರಗಕ್ಕೆ ಬಂದಿದ್ದರು. ಹೆಂಗಸರ ಹಿಂದೆ ನಿಂತು ಎಲ್ಲವನ್ನೂ ನೋಡಿದರು. ಮಣ್ಣು ಕೊಟ್ಟು ತಿರುಗಿ ಬರುವಾಗ ನನ್ನ ಪಕ್ಕ ಬಂದು, ಬೇರೆಯವರಿಗೆ ಕೇಳಿಸದಂತೆ, "ಛಲೋ ಕುಂತಾರ," ಅಂದರು. ಬೆಳಗಿನಿಂದ ಅಳುತ್ತಿದ್ದ ನಾನು ನಕ್ಕುಬಿಟ್ಟೆ. ನಮ್ಮ ಚಿಕ್ಕಪ್ಪ ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ.

ನಾನು ಅದೇ ಕಾಲೇಜಿನಲ್ಲಿ ಎಂ.ಟೆಕ್ ಮಾಡುತ್ತಿದ್ದಾಗ ಆಡಳಿತ ಮಂಡಳಿಯವರು ಲ್ಯಾಬನ್ನು ಮುಚ್ಚಲು ತೀರ್ಮಾನಿಸಿದರು. ಆ ಕೋಣೆಯಲ್ಲಿ ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟು, ಪ್ರಯೋಗಗಳನ್ನೆಲ್ಲ ಅವುಗಳೊಳಗೇ ಮಾಡಿಸುವುದೆಂದಾಯಿತು. ವಾಸನೆ ಇಲ್ಲ, ಗಾಜು ಒಡೆಯುವುದಿಲ್ಲ, ಯಾರ ಮನೆಯವರೂ ತಕರಾರು ತೆಗೆಯುವುದಿಲ್ಲ. ಅದನ್ನು ತೋರಿಸಲು ಟೈ ಕಟ್ಟಿದ ಒಬ್ಬ ತರುಣ ಬಂದಿದ್ದ. ಮೇಡಂ ಮುಂದಿನ ಕುರ್ಚಿಯಲ್ಲಿ ಕೂತು ಅವನು ಹೇಳಿದ ಗುಂಡಿ ಒತ್ತಿದರು. ಪರದೆಯ ಮೇಲೆ ಒಂದು ಎಲುಬು ಬಾಗಿ, 'ಟಕ್' ಅಂತ ಮುರಿಯಿತು.

"ಇದು ಯಾವ ಪ್ರಾಣಿದು?" ಎಂದು ಕೇಳಿದರು.

"ಯಾವ ಪ್ರಾಣಿದೂ ಅಲ್ಲ ಮೇಡಂ. ಡೇಟಾ."

"ಮತ್ತೊಮ್ಮೆ ಒತ್ಲೇನು?"

ಒತ್ತಿದರು. ಅದೇ ಜಾಗದಲ್ಲಿ, ಅದೇ ಸದ್ದಿನೊಂದಿಗೆ ಮುರಿಯಿತು. ಇನ್ನೊಮ್ಮೆ ಒತ್ತಿದರು.

"ಭಾಳ ಶಿಸ್ತಿನ ಎಲುಬು," ಅಂದರು. "ನಮ್ಮವು ಒಂದೂ ಹೇಳಿದಂಗ ಕೇಳಂಗಿಲ್ಲ. ಅದಕ್ಕ ಹುಡುಗರು ಕಲೀತಿದ್ರು."

ಸಭೆಯಲ್ಲಿ ಅವರು ಹೇಳಿದ್ದು ಅಷ್ಟೇ. ಲ್ಯಾಬ್ ಹೋಯಿತು. ಎಲುಬು ಬಗ್ಗಿಸುವ ಹಳೆಯ ಯಂತ್ರವನ್ನು ಗುಜರಿಯವರು ಹೊತ್ತೊಯ್ಯಲು ಬಂದ ದಿನ ಮೇಡಂ ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಕೂಲಿಯವರು ಕಾದರು. ಕೊನೆಗೆ ಅವರೇ ಕೈ ತೆಗೆದರು. ಯಂತ್ರ ಹೋದ ಮೇಲೆ ಖಾಲಿ ನೆಲದ ಮೇಲೆ, ಗೋಡೆಗೆ ಒರಗಿ, ಕಾಲು ಚಾಚಿ ಕೂತರು. ಅವರು ಲ್ಯಾಬಿನಲ್ಲಿ ಕೂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಚಹಾ ತಂದುಕೊಟ್ಟೆ. ಒಂದು ಗುಟುಕು ಕುಡಿದರು.

"ಸಕ್ಕರಿ ಕಡಿಮಿ ಆಗೇದ," ಅಂದರು. ಕಣ್ಣು ಒರೆಸಿಕೊಂಡರು.

ಮುಂದಿನ ಸೋಮವಾರ ಕಾಲೇಜಿನ ಜಿನೆಯ, ಅಂದರೆ ಮೆಟ್ಟಿಲುಗಳ, ಕೆಳಗೆ, ನಳದ ಪಕ್ಕದಲ್ಲಿ, ಒಂದು ಹಳೆಯ ಮೇಜು ಬಂತು. ಮೇಲೆ ಬೀಕರುಗಳು, ಕೈಗವಸಿನ ಡಬ್ಬ, ಮತ್ತು ಊಟದ ಡಬ್ಬಿ. ಇದಕ್ಕೆ ಹಾಜರಿ ಇಲ್ಲ, ಅಂಕವಿಲ್ಲ ಎಂದು ಮೇಡಂ ಮೊದಲೇ ಸಾರಿದ್ದರು. "ಬಂದವ್ರು ಹೋಗುಮುಂದ ಕೈ ತೊಳಕೊಂಡು ಹೋಗ್ರಿ. ಅದೊಂದ ಕಡ್ಡಾಯ." ಮೊದಲ ದಿನ ನಾಲ್ಕೈದು ಹುಡುಗರು ಬಂದರು. ತಿಂಗಳೊಳಗೆ ಜಿನೆಯ ಮೆಟ್ಟಿಲ ಮೇಲೆಲ್ಲ ಕೂರತೊಡಗಿದರು. ಪ್ರಿನ್ಸಿಪಾಲರು ಆ ಜಿನೆ ಹತ್ತುವಾಗ ಯಾವಾಗಲೂ ಫೋನಿನಲ್ಲಿ ಮಾತಾಡುತ್ತ, ಗೋಡೆಯ ಕಡೆ ನೋಡುತ್ತ ಹತ್ತುತ್ತಿದ್ದರು. ಆ ಫೋನು ಎಷ್ಟೋ ಸಲ ಬಂದ್ ಇರುತ್ತಿತ್ತು. ಒಂದು ದಿನ ಜಿನೆಯ ಕೆಳಗೆ ಹೊಸ ಲೈಟು ಬಂತು. ಯಾರು ಹಾಕಿಸಿದರೆಂದು ಯಾರೂ ಕೇಳಲಿಲ್ಲ. ನಿವೃತ್ತರಾಗುವವರೆಗೂ ಮೇಡಂ ಅಲ್ಲೇ ಕಲಿಸಿದರು.

ಹೋದ ಮಳೆಗಾಲದಲ್ಲಿ ಎಸ್ತರ್ ಮೇಡಂ ತೀರಿಕೊಂಡರು. ನಾನು ಆಗ ಬೆಳಗಾವಿಯಲ್ಲಿ ಕೆಲಸದಲ್ಲಿದ್ದೆ, ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಹೀಗಾಗಿ ನನ್ನ ಪಾಲಿಗೆ ಅವರು ಕೊನೆಯದಾಗಿ ಉಳಿದದ್ದು ಅದಕ್ಕೂ ಸ್ವಲ್ಪ ಮೊದಲು, ಉಣಕಲ್ಲಿನ ಅವರ ಅಡುಗೆಮನೆಯಲ್ಲಿ.

ನಿವೃತ್ತಿಯ ನಂತರ ಅವರಿಗೆ ಕೈ ನಡುಗುವ ಬೇನೆ ಹತ್ತಿತ್ತು. ರೂತ್ ಆಂಟಿ ಬಾಗಿಲು ತೆರೆದು, ನೋಡಿ ಗಾಬರಿಯಾಗಬೇಡ ಎಂದು ಪಿಸುಗುಟ್ಟಿದರು. ಮೇಡಂ ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದರು. ಬಲಗೈ ಮೇಜಿನ ಮೇಲೆ ತನ್ನಷ್ಟಕ್ಕೆ ತಾನು ಅಲ್ಲಾಡುತ್ತಿತ್ತು. ನಾನು ಅದನ್ನು ನೋಡದಿರಲು ಪ್ರಯತ್ನಿಸಿದೆ.

"ನೋಡು, ನೋಡು. ನೋಡಾಕಂತ ಇಟ್ಟೀನಿ," ಅಂದರು.

ನಾನೀಗ ಕಲಿಸುವ ಕಾಲೇಜಿನಲ್ಲಿ ಲ್ಯಾಬಿಗೆಂದು ಒಂದು ಸಣ್ಣ ಕೋಣೆ ಕೊಟ್ಟಿದ್ದರು, ಎಲ್ಲಿಂದ ಆರಂಭಿಸಲಿ ಎಂದು ಕೇಳಲು ಹೋಗಿದ್ದೆ. ಅವರು ರೂತ್ ಆಂಟಿಗೆ ಹೇಳಿ ಕಪಾಟಿನಿಂದ ಎರಡು ಸೀಸೆ ತರಿಸಿದರು. ಒಂದರಲ್ಲಿ ಕಡಲಪಾಚಿಯಿಂದ ತೆಗೆದ ಪುಡಿ, ಇನ್ನೊಂದರಲ್ಲಿ ಕ್ಯಾಲ್ಸಿಯಮ್ಮಿನ ಉಪ್ಪು. ಪುಡಿಯನ್ನು ನೀರಲ್ಲಿ ಕರಗಿಸಿ, ಸಿರಿಂಜಿನಿಂದ ಹನಿಹನಿಯಾಗಿ ಉಪ್ಪಿನ ನೀರಿಗೆ ಬಿಟ್ಟರೆ ಬಿದ್ದ ಹನಿ ಬಿದ್ದಲ್ಲೇ ಮೆತ್ತನೆಯ ಮುತ್ತಾಗುತ್ತದೆ. ಅದರೊಳಗೆ ಔಷಧ ತುಂಬಿ ಮೈಯೊಳಗೆ ಕಳಿಸಬಹುದು. ಮುತ್ತು ಸಣ್ಣದಾದಷ್ಟೂ ಒಳ್ಳೆಯದು. ನಾನು ಉಸಿರು ಬಿಗಿಹಿಡಿದು ಬಿಟ್ಟ ಹನಿಗಳು ಬಟಾಣಿಯಷ್ಟು ದಪ್ಪನಾಗಿ ಬಿದ್ದವು.

"ಇಲ್ಲಿ ಕೊಡು," ಅಂದರು ಮೇಡಂ.

ರೂತ್ ಆಂಟಿ ಬೇಡವೆಂದು ನನಗೆ ಕಣ್ಸನ್ನೆ ಮಾಡಿದರು. ನಾನು ಕೊಟ್ಟೆ. ಅವರು ಎರಡೂ ಕೈಯಿಂದ ಸಿರಿಂಜನ್ನು ಹಿಡಿದು ಒತ್ತಿದರು. ಕೈ ನಡುಗುತ್ತಿದ್ದುದರಿಂದ ಹನಿ ದಪ್ಪಗಾಗುವ ಮೊದಲೇ ಉದುರುತ್ತಿತ್ತು. ಸಾಸಿವೆಯಂಥ ಸಣ್ಣ ಸಣ್ಣ ಮುತ್ತುಗಳು ಬಟ್ಟಲಿನ ತಳದಲ್ಲಿ ಕೂಡತೊಡಗಿದವು. ಅರ್ಧ ಮೇಜಿನ ಮೇಲೆ ಬಿದ್ದವು, ಅದು ಬೇರೆ ಮಾತು.

"ಇದಕ್ಕಂತನ ನಡುಗೋ ಯಂತ್ರ ಬರ್ತದ," ಅಂದರು. "ನಮ್ಮ ಕಾಲೇಜಿನವ್ರು ಕೊಡಸಲಿಲ್ಲ. ಈಗ ಪುಕ್ಕಟ ಬಂದದ."

ನಾನು ನಗಬೇಕೋ ಬೇಡವೋ ಎಂದು ಅವರ ಮುಖ ನೋಡಿದೆ. ಎಂದಿನಂತೆ ಏನೂ ಗೊತ್ತಾಗಲಿಲ್ಲ. ನಾವಿಬ್ಬರೂ ಸೇರಿ ಆ ಸೀಸೆ ಮುಗಿಯುವವರೆಗೂ ಮುತ್ತು ಮಾಡಿದೆವು. ಮೇಜು ಒರೆಸಿ, ಕೈ ತೊಳೆದುಕೊಂಡೆ.

ಹೊರಟಾಗ ಅವರು ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದರು. ನಾನು ಗೇಟು ದಾಟಿ ತಿರುಗಿ ನೋಡಿದೆ. ಅವರ ಬಲಗೈ ಎದೆಯ ಮಟ್ಟದಲ್ಲಿ ಅಲ್ಲಾಡುತ್ತಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

"ಇದು ನಾ ಹೇಳಿದ್ರೂ ಬೀಸ್ತದ, ಹೇಳದಿದ್ರೂ ಬೀಸ್ತದ," ಎಂದು ಅಲ್ಲಿಂದಲೇ ಕೂಗಿ ಹೇಳಿದರು. "ಇವತ್ತಿಂದು ನಿನಗ ಅಂತ ತಿಳ್ಕೋ."

ಓಣಿಯ ತಿರುವಿನವರೆಗೂ ನಾನು ಹಿಂದು ಹಿಂದಾಗಿ ನಡೆದೆ, ಕೈ ಬೀಸುತ್ತ.